ಹೊಸ ಮನೆ, ಹಳೆಯ ಮೈ



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಕಟ್ಟುವ ಕಷ್ಟವನ್ನು ಅದು ಹೇಳುತ್ತದೆ. ಕಟ್ಟಿದ ಮೇಲೆ ಆ ಮನೆಯಲ್ಲಿ ಬಾಳುವ ಬಗೆಯನ್ನು ಹೇಳುವುದಿಲ್ಲ. ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ನಾವೇ ಮುಂದೆ ನಿಂತು ಒಂದು ಸಣ್ಣ ಮನೆಯನ್ನು ಕಟ್ಟಿಸಿ ಅದರಲ್ಲಿ ನೆಲಸಿದ್ದೇವೆ. ಈ ವಿಷಯದಲ್ಲಿ ನಮಗಾದ ಅನುಭವವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಹೊತ್ತಿನ ನಮ್ಮ ಉದ್ದೇಶ.

ಕಟ್ಟಡ ನಡೆದ ಒಂದೂವರೆ ವರ್ಷ ನಮಗೆ ಕಾಲೇಜಿನ ಪಾಠವೊಂದು, ಇಟ್ಟಿಗೆ ಮರಳುಗಳ ಲೆಕ್ಕವೊಂದು. ಊಟ ನಿಂತಲ್ಲಿ, ನಿದ್ರೆ ಸಿಕ್ಕಾಗ. ಗೃಹಪ್ರವೇಶದ ದಿನ ಬಂಧುಗಳಿಗೆ ಚಾಮುಂಡಿಬೆಟ್ಟವನ್ನು ತೋರಿಸುವ ಹುಮ್ಮಸ್ಸಿನಿಂದ ತಾರಸಿಗೆ ಏರಿದೆವು. ಹತ್ತಿದ್ದು ಹದಿನೆಂಟು ಮೆಟ್ಟಿಲು. ಮೇಲೆ ಹೋದಾಗ ಬೆಟ್ಟದ ಕಡೆ ಕೈ ತೋರಿಸಲು ಆಯಿತೇ ಹೊರತು ಮಾತು ಹೊರಡಲಿಲ್ಲ. ಅಂದು ರಾತ್ರಿ ನಮ್ಮ ಮನೆಯವರು, “ಸಾಲ ತೀರುವುದಕ್ಕೆ ಹದಿನೈದು ವರ್ಷ ಬೇಕೆಂದು ಲೆಕ್ಕ ಹಾಕಿದ್ದೀರಿ. ನಿಮ್ಮ ಮೈ ಅಷ್ಟು ವರ್ಷ ತಡೆಯುವುದೆ?” ಎಂದು ಕೇಳಿದರು. ಗಣಿತಕ್ಕೆ ಸಂಬಂಧಿಸಿದ ಈ ಸರಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಓದಿದವರ ಅವಿವೇಕ ಒಂದು ಬಗೆಯದು. ಅದು ಉತ್ಸಾಹದ ವೇಷದಲ್ಲಿ ಬರುತ್ತದೆ. ವಿದ್ಯಾರ್ಥಿದೆಸೆಯಲ್ಲಿ ನಾವು ದಂಡೆ ಬಸ್ಕಿಗಳನ್ನು ಮಾಡಿದವರೆಂಬ ನೆನಪು ಹಸುರಾಗಿತ್ತು. ಮುಂದಿನ ಭಾನುವಾರವೇ ಹೊರಟು, ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಒಂದೇ ಉಸಿರಿನಲ್ಲಿ ಗೆಲ್ಲುವೆವೆಂದು ಏರಿದೆವು. ನಂದಿಯ ಬಳಿ ಕುಳಿತೆವು. ಛಲದಿಂದ ಮತ್ತೆ ಎದ್ದೆವು. ಏರಿದ್ದೇನೋ ನಿಜ. ಇಳಿದ ಮೇಲೆ ಮೊಣಕಾಲು ಊದಿಕೊಂಡು, ಹತ್ತು ದಿನ ಹೊಸ ಮನೆಯ ಗೋಡೆಗಳನ್ನು ಹಿಡಿದುಕೊಂಡೇ ನಡೆಯಬೇಕಾಯಿತು.

ಆಗ ಬಾಗಿಲನ್ನು ಸರಿಪಡಿಸಲು ಬಂದಿದ್ದ ಮೇಸ್ತ್ರಿ ನಮ್ಮ ಅವಸ್ಥೆಯನ್ನು ನೋಡಿ ನಕ್ಕು, “ಸ್ವಾಮಿ, ತಾರಸಿ ಹಾಕಿದ ಮೂರನೇ ದಿನವೇ ಆಸರೆ ಕೀಳಿಸು ಎಂದು ತಾವು ಅವಸರಪಟ್ಟಿರಿ, ನಾನು ಒಪ್ಪಲಿಲ್ಲ. ಮೈಗೆ ಆ ನ್ಯಾಯ ಬೇಡವೆ?” ಎಂದನು. ಹಲವು ಗ್ರಂಥಗಳನ್ನು ಓದಿದ್ದ ನಮಗೆ ಈ ಮಾತು ಹೊಸದಾಗಿತ್ತು.

ಸಿಮೆಂಟು ಒಣಗಿ ಗಟ್ಟಿಯಾಗುವುದೆಂದು ಅನೇಕರು ತಿಳಿದಿರುವರು. ಅದು ತಪ್ಪು; ನೀರಿನೊಡನೆ ಕೂಡಿ ಅದು ಬಲಗೊಳ್ಳುತ್ತದೆ. ಆದುದರಿಂದಲೇ ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವರು. 7 ದಿನಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬಂದರೂ, ಇಂಜಿನಿಯರರು ಬಲವನ್ನು ಅಳೆಯುವುದು 28ನೆಯ ದಿನಕ್ಕೆ. ಮೈಯ ನ್ಯಾಯವೂ ಇಂಥದೇ. ವ್ಯಾಯಾಮದಿಂದ ಮಾಂಸಖಂಡಗಳು ಕೆಲವು ವಾರಗಳಲ್ಲಿ ಚುರುಕಾಗುವುವು. ಅವನ್ನು ಎಲುಬಿಗೆ ಬಿಗಿದಿರುವ ಕಂಡರಗಳು ಅದಕ್ಕಿಂತ ನಿಧಾನವಾಗಿ ಬಲಿಯುವುವು. “ಈಗ ಶಕ್ತಿ ಬಂದಿತು” ಎಂದು ನಾವು ಹಿಗ್ಗುವ ಹೊತ್ತಿಗೇ ನೋವು ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ.

ಮತ್ತೆ ಮೊದಲಿನಿಂದ ಆರಂಭಿಸಿದೆವು. ಮೊದಲ ವಾರ ಬೀದಿಯ ಕೊನೆಯವರೆಗೆ ಹತ್ತು ನಿಮಿಷದ ನಡಿಗೆ. ಜೊತೆಯವರೊಡನೆ ಮಾತನಾಡಲು ಅಡ್ಡಿಯಾಗದಷ್ಟು ವೇಗ. ವಾರಕ್ಕೆ ಎರಡು ಮೂರು ನಿಮಿಷ ಹೆಚ್ಚಿಸಿದೆವು. ಬಳಿಕ ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಅಂಗೈಯಿಟ್ಟು ಬಾಗಿ ಹಿಂದಕ್ಕೆ ನೂಕಿಕೊಳ್ಳುವುದು, ಗಿಡಗಳಿಗೆ ಕೊಡದಲ್ಲಿ ನೀರು ಹೊರುವುದು. ಮೂರು ತಿಂಗಳಾದ ಮೇಲೆ ಸೂರ್ಯನಮಸ್ಕಾರ, ಅದೂ ಮೂರೇ ಮೂರು. ಎದೆನೋವಾಗಲಿ ತಲೆಸುತ್ತಾಗಲಿ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಇಷ್ಟು ಅಲ್ಪದಿಂದ ಏನು ಫಲವೆಂದು ಕೇಳುವವರಿಗೆ ಒಂದು ನಿದರ್ಶನವುಂಟು. 1953ರಲ್ಲಿ ಲಂಡನ್ ನಗರದ ಬಸ್ಸುಗಳ ನೌಕರರನ್ನು ಕುರಿತು ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಪ್ರಕಟಿಸಿದ ವಿಚಾರವನ್ನು ನೋಡಿ. ದಿನವೆಲ್ಲ ಕುಳಿತೇ ಇದ್ದ ಚಾಲಕರಿಗಿಂತ, ಮಹಡಿಯ ಬಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರರಲ್ಲಿ ಹೃದಯರೋಗ ಕಡಮೆಯಾಗಿತ್ತು. ಅವರು ಮಲ್ಲರಲ್ಲ, ಟಿಕೀಟು ಕೊಡುತ್ತಿದ್ದವರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಿತವಾದ ಶ್ರಮವನ್ನು ವಿಧಿಸಿತು. ಏನೂ ಇಲ್ಲದುದಕ್ಕಿಂತ ಅಷ್ಟಿಷ್ಟಾದರೂ ಲೇಸೆಂಬುದನ್ನೂ ಹೇಳಿತು.

ನಡಿಗೆಯಿಂದ ನಾವು ಎಣಿಸದಿದ್ದ ಇನ್ನೊಂದು ಲಾಭವೂ ಒದಗಿತು. ಹೊಸ ಮನೆ ಬಹುಕಾಲ ನಮಗೆ ಪರರ ಮನೆಯಂತೆಯೇ ಇತ್ತು. ಬಿಚ್ಚದ ಪೆಟ್ಟಿಗೆಗಳು, ಕತ್ತಲಲ್ಲಿ ಕೈಗೆ ಸಿಕ್ಕದ ದೀಪದ ಗುಂಡಿ, ಗುರುತಿಲ್ಲದ ನೆರೆ. ನಡೆಯತೊಡಗಿದ ಮೇಲೆ ಮೂಲೆಮನೆಯ ಹಿರಿಯರು ಕರೆದು ಮಾತನಾಡಿಸಿದರು. ಹಾಲಿನವನು ಗುರುತು ಹಿಡಿದನು. ಬೀದಿಯ ನಾಯಿ ಬೊಗಳುವುದನ್ನು ಬಿಟ್ಟಿತು. ಹೊರಗೆ ಹೋಗಿ ಮರಳಿ ಬರುವುದರಿಂದಲೇ ಮನೆಯು ನಮ್ಮದಾಯಿತು.

ಆರು ತಿಂಗಳ ಬಳಿಕ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯುವುದು ನಮಗೆ ಸುಲಭವಾಯಿತು. ಬೆಟ್ಟಕ್ಕೂ ಮತ್ತೊಮ್ಮೆ ಹೋದೆವು. ಮುನ್ನೂರು ಮೆಟ್ಟಿಲು ಹತ್ತಿ, ಸಂಕೋಚವಿಲ್ಲದೆ ಇಳಿದು ಬಂದೆವು. ಉಳಿದ ಮೆಟ್ಟಿಲುಗಳು ಎಲ್ಲಿಗೂ ಹೋಗವು.

ಮನೆಯವರ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಯಾರೂ ಕೊಡಲಾರರು. ಆದರೆ ಸಾಲದ ಕಂತನ್ನು ತಿಂಗಳಿಗೊಮ್ಮೆ ತಪ್ಪದೆ ಕಟ್ಟುವ ನಾವು, ಮೈಗೆ ಸಲ್ಲಬೇಕಾದ ಕಂತನ್ನು ಈಗ ದಿನಕ್ಕೊಮ್ಮೆ ಕಟ್ಟುತ್ತಿದ್ದೇವೆ. ಮನೆ ಕಟ್ಟುತ್ತಿರುವ ಮಹನೀಯರು ಇದನ್ನು ಪಾಯ ತೆಗೆದ ದಿನವೇ ಮೊದಲು ಮಾಡಿದರೆ, ನಮಗಿಂತ ಜಾಣರೆನಿಸುವರು.