ಕೇಳದೆ ತಿಳಿಯುವ ವಿಳಾಸ

(ರೇಡಿಯೋ ಭಾಷಣದ ಪಠ್ಯ)

ನಮ್ಮ ಮಂಗಳೂರಿಗೆ ಹೆಸರುಗಳು ಹಲವು. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರ. ಇಂಗ್ಲಿಷಿನವರ ನಾಲಗೆಗೆ ಒಗ್ಗಿದ ರೂಪವೊಂದು ಬಹುಕಾಲ ಸರಕಾರಿ ಕಾಗದಗಳಲ್ಲಿತ್ತು. 2014ರ ನವೆಂಬರ್ 1ರಂದು ಅದು ಹೋಗಿ ಮಂಗಳೂರು ಎಂಬುದೇ ಅಧಿಕೃತವಾಯಿತು. ಇವುಗಳಲ್ಲಿ ಯಾವ ಹೆಸರನ್ನು ಬರೆದರೂ ಕಾಗದವು ಬಂದು ಮುಟ್ಟುವುದಾದರೆ, ಆ ಪುಣ್ಯ ಹೆಸರಿನದಲ್ಲ. ಅದರ ಕೆಳಗೆ ಬರೆದ ಆರು ಅಂಕೆಗಳದು. 1972ರ ಆಗಸ್ಟ್ 15ರಂದು ಅಂಚೆಯವರು ಪಿನ್‌ಕೋಡನ್ನು ಜಾರಿಗೆ ತಂದರು. 575001 ಎಂದು ಬರೆದುದನ್ನು ಕಂಡ ವಿಂಗಡಣೆಗಾರನಿಗೆ ಕನ್ನಡವೂ ಬೇಡ, ತುಳುವೂ ಬೇಡ. ಮೊದಲ ಅಂಕೆ ದೇಶದ ಯಾವ ವಲಯವೆಂಬುದನ್ನು ಹೇಳುತ್ತದೆ. ಕೊನೆಯ ಮೂರು ಯಾವ ಅಂಚೆಕಚೇರಿಯೆಂಬುದನ್ನು ಹೇಳುತ್ತವೆ. ಯಾರನ್ನೂ ಕೇಳಬೇಕಾಗಿಲ್ಲ.

ಯಾರನ್ನೂ ಕೇಳದೆ ತಿಳಿಯುವ ಈ ಗುಣವೇ ನನ್ನ ಇಂದಿನ ಮಾತಿನ ವಿಷಯ. ಅಂಚೆಯನ್ನು ಬಿಟ್ಟು ಅಂತರಜಾಲದ ತಾಣಗಳ ಕಡೆಗೆ ಬರೋಣ. ಸಾಹಿತ್ಯಾಸಕ್ತರಿಗೆ ಇದು ಒಣ ಸಂಗತಿಯೆಂದು ತೋರಬಹುದು. ಆದುದರಿಂದ ಮೊದಲು ಒಂದಿಷ್ಟು ಚೌಕಿಯ ಕಡೆಗೆ ಹೋಗಿಬರೋಣ.

ಬಯಲಾಟದ ಮೇಳ ಇಂದು ಒಂದು ಊರಿನ ಗದ್ದೆಯಲ್ಲಿ, ನಾಳೆ ಇನ್ನೊಂದು ಊರಿನ ಶಾಲೆಯ ಮೈದಾನಿನಲ್ಲಿ. ಜಾಗ ಬೇರೆ, ಚಪ್ಪರ ಬೇರೆ, ಆಡಿಸುವವರು ಬೇರೆ. ಆದರೆ ಚೌಕಿಯೊಳಗೆ ಕಾಲಿಟ್ಟ ಕಲಾವಿದನು ತನ್ನ ಪೆಟ್ಟಿಗೆ ಎಲ್ಲಿದೆ, ತಾನು ಎಲ್ಲಿ ಕುಳಿತು ಬಣ್ಣ ಹಚ್ಚಬೇಕು ಎಂದು ಯಾರನ್ನೂ ವಿಚಾರಿಸುವುದಿಲ್ಲ. ದೇವರ ಸ್ಥಾನ ಇಂಥಲ್ಲಿ, ಇಂಥ ವೇಷದವರು ಇಂಥ ಕಡೆ ಎಂಬುದು ಮೊದಲೇ ಗೊತ್ತಾದ ಕ್ರಮ. ಚೌಕಿಯ ಹೊರಗಿನ ಗದ್ದೆ ಹೇಗಿರಬೇಕೆಂಬುದನ್ನು ಮೇಳದವರು ಗದ್ದೆಯ ಯಜಮಾನನಿಗೆ ಹೇಳುವುದಿಲ್ಲ. ಚೌಕಿಯಷ್ಟು ಜಾಗದಲ್ಲಿ ಮಾತ್ರ ಅವರ ಕ್ರಮ ನಡೆಯುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಜಾಲತಾಣದ ವಿಳಾಸದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮನೆಯ ಹೆಸರು. ಓರೆಗೀಟಿನ ಆಚೆಗಿರುವುದು ಮನೆಯೊಳಗಿನ ಕೋಣೆಗಳು. ಮನೆಯ ಹೆಸರನ್ನು ನೋಂದಣಿ ಮಾಡಿಸಬೇಕು. ಕೋಣೆಗಳಿಗೆ ಏನು ಹೆಸರಿಡಬೇಕೆಂಬುದು ಯಜಮಾನನ ಇಷ್ಟ. ಒಂದು ಸಂಘ ತನ್ನ ಫೋನ್ ನಂಬರನ್ನು 'ನಮ್ಮ ಬಗ್ಗೆ' ಎಂಬ ಪುಟದಲ್ಲಿಟ್ಟರೆ, ಇನ್ನೊಂದು 'ಸಂಪರ್ಕ' ಎಂಬಲ್ಲಿಡುತ್ತದೆ. ಮತ್ತೊಂದು ಎಲ್ಲಿಯೂ ಇಡುವುದಿಲ್ಲ. ಮನುಷ್ಯನಾದರೆ ಹುಡುಕಾಡಿ ಕಂಡುಕೊಂಡಾನು. ಯಂತ್ರಕ್ಕೆ ಹುಡುಕಾಡುವ ವ್ಯವಧಾನವಿಲ್ಲ. ಇದ್ದರೆ ಇಂಥಲ್ಲಿಯೇ ಇರಬೇಕು, ಇಲ್ಲವಾದರೆ ಇಲ್ಲ.

ಈ ತೊಡಕು ಮೊದಲು ಕಂಡುಬಂದುದು ತಾಣದಿಂದ ತಾಣಕ್ಕೆ ತಾವಾಗಿ ಅಲೆದು ಪುಟಗಳನ್ನು ಓದುವ ಯಂತ್ರಗಳ ಕಾಲದಲ್ಲಿ. ಅವುಗಳ ಹಾವಳಿಗೆ ಒಂದು ಮಿತಿ ಬೇಕೆಂದು 1994ರಲ್ಲಿ ಮಾರ್ಟೈನ್ ಕೋಸ್ಟರ್ ಒಂದು ಉಪಾಯ ಸೂಚಿಸಿದರು. ಪ್ರತಿ ತಾಣದ ಹೊಸ್ತಿಲಲ್ಲೇ 'ರೋಬೋಟ್ಸ್.ಟಿಎಕ್ಸ್‌ಟಿ' ಎಂಬ ಒಂದು ಚೀಟಿ ಇರಲಿ. ಯಾವ ಕೋಣೆಗೆ ಬರಬಹುದು, ಯಾವುದಕ್ಕೆ ಬರಬಾರದು ಎಂದು ಅದರಲ್ಲಿ ಬರೆದಿರಲಿ. ಉಪಾಯ ಸರಳವಾಗಿತ್ತು, ನಿಂತಿತು. ಆದರೆ ಒಬ್ಬರು ಹಾಕಿದ ದಾರಿಯಲ್ಲಿ ಹತ್ತು ಮಂದಿ ನುಗ್ಗಿದರು. 1999ರಲ್ಲಿ ಮೈಕ್ರೋಸಾಫ್ಟಿನವರ ಎಕ್ಸ್‌ಪ್ಲೋರರ್ ತನ್ನ ಐದನೆಯ ಆವೃತ್ತಿಯಲ್ಲಿ 'ಫೇವಿಕಾನ್' ಎಂಬ ಪುಟ್ಟ ಚಿತ್ರವನ್ನು ತಾಣಗಳ ಹೊಸ್ತಿಲಲ್ಲಿ ಹುಡುಕತೊಡಗಿತು. ತಾವು ಎಂದೂ ಇಡದ, ಹೆಸರನ್ನೇ ಕೇಳದ ಕಡತವೊಂದನ್ನು ಯಾರೋ ಬಂದು ಬಂದು ಕೇಳುತ್ತಿರುವುದನ್ನು ತಾಣದ ಯಜಮಾನರು ತಮ್ಮ ದಾಖಲೆಗಳಲ್ಲಿ ಕಂಡು ಬೆರಗಾದರು. ಕರೆಯದೆ ಬಂದ ನೆಂಟನು ಚಾವಡಿಯಲ್ಲಿ ಕುಳಿತು, ಈ ಗೂಡು ಇನ್ನು ನನ್ನದು ಎಂದಂತಾಯಿತು.

ಇಲ್ಲಿ ಬರಿಯ ಅನುಕೂಲದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆಯೂ ಇತ್ತು. ಮನೆ ನನ್ನದಾದ ಮೇಲೆ ಕೋಣೆಯ ಹೆಸರಿಡುವವರು ಹೊರಗಿನವರೇಕೆ? 2010ರ ಏಪ್ರಿಲಿನಲ್ಲಿ ಮಾರ್ಕ್ ನಾಟಿಂಗ್‌ಹ್ಯಾಮ್, ಎರಾನ್ ಹ್ಯಾಮರ್-ಲಹಾವ್ ಇಬ್ಬರೂ ಬರೆದ ಒಂದು ಚಿಕ್ಕ ಲೇಖ್ಯ ಈ ವ್ಯಾಜ್ಯಕ್ಕೆ ರಾಜಿ ಸೂಚಿಸಿತು. ಅದು 5785ನೆಯ ಆರ್‌ಎಫ್‌ಸಿ. (ಆರ್‌ಎಫ್‌ಸಿ ಎಂದರೆ ಅಭಿಪ್ರಾಯಗಳಿಗೆ ಆಹ್ವಾನ ಎಂದರ್ಥ. ಅಂತರಜಾಲದ ಕಟ್ಟುಕಟ್ಟಳೆಗಳೆಲ್ಲ ಇಂದಿಗೂ ಈ ವಿನಯದ ಹೆಸರಿನಲ್ಲೇ ಪ್ರಕಟವಾಗುತ್ತವೆ.) ರಾಜಿ ಇಷ್ಟೇ: ಪ್ರತಿ ಮನೆಯಲ್ಲೂ ಒಂದೇ ಒಂದು ಗೂಡನ್ನು ಸಾರ್ವಜನಿಕ ಬಳಕೆಗೆ ಬಿಟ್ಟುಕೊಡತಕ್ಕದ್ದು. ಅದರ ಹೆಸರು '.ವೆಲ್-ನೋನ್', ಎಲ್ಲರೂ ಬಲ್ಲದ್ದು. ಹೊರಗಿನವರು ಏನನ್ನಾದರೂ ಗೊತ್ತಾದ ಜಾಗದಲ್ಲಿ ಹುಡುಕಬೇಕೆಂದಿದ್ದರೆ ಆ ಗೂಡಿನೊಳಗೇ ಹುಡುಕಬೇಕು; ಹುಡುಕುವ ವಸ್ತುವಿನ ಹೆಸರನ್ನು ಒಂದು ಸಾರ್ವಜನಿಕ ಪಟ್ಟಿಯಲ್ಲಿ ಮೊದಲೇ ನೋಂದಾಯಿಸಬೇಕು. ಉಳಿದ ಕೋಣೆಗಳ ತಂಟೆ ಬೇಡ. 2019ರ ಮೇ ತಿಂಗಳಿನಲ್ಲಿ 8615ನೆಯ ಆರ್‌ಎಫ್‌ಸಿಯಾಗಿ ಇದರ ಪರಿಷ್ಕೃತ ಪಾಠ ಬಂದಿತು. ಗದ್ದೆ ಯಜಮಾನನದು, ಚೌಕಿಯ ಕ್ರಮ ಮೇಳದ್ದು ಎಂದು ಆಗಲೇ ಹೇಳಿದೆನಲ್ಲ, ಅದೇ ನ್ಯಾಯ.

ಈ ಗೂಡಿನಿಂದ ಆದ ದೊಡ್ಡ ಉಪಕಾರ ಯಾವುದೆಂದರೆ, ನನ್ನ ಎಣಿಕೆಯಲ್ಲಿ, ಬಡ ತಾಣಗಳಿಗೆ ಬೀಗ ಸಿಕ್ಕಿದ್ದು. ಓದುಗನಿಗೂ ತಾಣಕ್ಕೂ ನಡುವೆ ಹೋಗುವ ಮಾತು ಗುಟ್ಟಾಗಿರಬೇಕಾದರೆ ತಾಣಕ್ಕೊಂದು ಪ್ರಮಾಣಪತ್ರ ಬೇಕು. ಒಂದು ಕಾಲದಲ್ಲಿ ಅದಕ್ಕೆ ಹಣ ತೆರಬೇಕಾಗಿತ್ತು. ಒಂದು ಗ್ರಾಮೀಣ ವಾಚನಾಲಯವೋ ಚಿಕ್ಕ ಸಾಹಿತ್ಯ ಪತ್ರಿಕೆಯೋ ಆ ಗೋಜಿಗೆ ಹೋಗುತ್ತಿರಲಿಲ್ಲ. 2015ರಿಂದೀಚೆಗೆ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಧರ್ಮಸಂಸ್ಥೆ ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಕೇಳಿದವನೇ ಯಜಮಾನನೆಂದು ತಿಳಿಯುವುದು ಹೇಗೆ? ಸಂಸ್ಥೆ ಒಂದು ಗುಪ್ತ ಪದವನ್ನು ಹೇಳುತ್ತದೆ. ಅದನ್ನು ಎಲ್ಲರೂ ಬಲ್ಲ ಆ ಗೂಡಿನಲ್ಲಿ ಇಟ್ಟು ತೋರಿಸಿದರೆ ಮನೆ ಅವನದೇ. ಗುಮಾಸ್ತರಿಲ್ಲ, ಅರ್ಜಿಯಿಲ್ಲ, ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಪತ್ರದ ಆಯುಸ್ಸು ಚಿಕ್ಕದು. 90 ದಿನವೆಂದು ಆರಂಭವಾದದ್ದು ಇನ್ನೂ ಕಿರಿದಾಗುತ್ತಿದೆ. ಆದ್ದರಿಂದ ಆ ಗೂಡು ಸದಾ ತೆರೆದಿರಬೇಕು. ಇಲ್ಲೊಂದು ವಿನೋದವಿದೆ. ಹೆಸರಿನ ಮೊದಲಿಗೆ ಚುಕ್ಕೆಯಿದ್ದರೆ ಅದು ಬಚ್ಚಿಟ್ಟ ಕಡತವೆಂಬುದು ಯೂನಿಕ್ಸ್ ಕಾಲದ ಹಳೆಯ ಸಂಪ್ರದಾಯ. ಜಾಗರೂಕರಾದ ನಿರ್ವಾಹಕರು ಚುಕ್ಕೆಯಿರುವುದನ್ನೆಲ್ಲ ಹೊರಗಿನವರಿಗೆ ಮುಚ್ಚಿಬಿಡುತ್ತಾರೆ. ಜೊತೆಗೆ ಈ ಗೂಡೂ ಮುಚ್ಚಿಹೋಗಿ, ಪತ್ರದ ನವೀಕರಣ ನಿಂತು, ಒಂದು ಬೆಳಗ್ಗೆ ಓದುಗನ ಪರದೆಯ ಮೇಲೆ 'ಈ ತಾಣ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಮೂಡುತ್ತದೆ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಗೂಡಿಗೆ ಮಾನ್ಯತೆಯಿರುವುದು ಮನೆಯ ಹೆಬ್ಬಾಗಿಲಲ್ಲಿ ಮಾತ್ರ. ದೊಡ್ಡದೊಂದು ತಾಣದ ಒಳಪುಟವಾಗಿ ಬಾಳುವ ಇಲಾಖೆಗೋ ಸಂಘಕ್ಕೋ ತನ್ನದೇ ಗೂಡಿಲ್ಲ. ಕೂಡುಕುಟುಂಬದ ಕಷ್ಟ.

ವಿಳಾಸದ ಮುಂದಿನ ಭಾಗಕ್ಕೂ ಈಗ ಕಟ್ಟಳೆ ಬಂದಿದೆ. ಅದು ಮಂಗಳೂರಿಗೆ ನೇರವಾಗಿ ಸಂಬಂಧಪಟ್ಟದ್ದು. ಇದು ಬ್ಯಾಂಕುಗಳ ತವರು. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಇಲ್ಲಿಯೇ ಹುಟ್ಟಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿಯೂ, ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಹೆಸರು ಹೋದಾಗ ಮನೆಮಂದಿಗೆ ಬಾಯಿಪಾಠವಾಗಿದ್ದ ಶಾಖೆಯ ಐಎಫ್‌ಎಸ್‌ಸಿ ಸಂಕೇತವೂ ಹೋಯಿತು, ಜಾಲದ ವಿಳಾಸವೂ ಹೋಯಿತು. ಇಂಥ ಸಂಧಿಕಾಲದಲ್ಲಿ ಕಳ್ಳನಿಗೆ ಸುಗ್ಗಿ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ ತಾಣ ತೆರೆದರೆ ಮುದುಕರಾದ ಗ್ರಾಹಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ '.ಬ್ಯಾಂಕ್.ಇನ್' ಎಂಬ ಕೊನೆಯುಳ್ಳ ವಿಳಾಸಕ್ಕೆ ಬರಬೇಕೆಂದು ವಿಧಿಸಿದ್ದು ಇದಕ್ಕೇ. ಬ್ಯಾಂಕಲ್ಲದವರಿಗೆ ಆ ಕೊನೆ ದೊರೆಯುವುದಿಲ್ಲ. ಗ್ರಾಹಕನು ವಿಳಾಸದ ಬಾಲವನ್ನು ನೋಡಿದರೆ ಸಾಕು. ನೋಡಬೇಕು ಎಂಬುದಷ್ಟೇ ಕಷ್ಟ.

ಗೊತ್ತಾದ ಜಾಗದ ಬೆಲೆ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಕಿನ್ನಿಕಂಬಳದ ಕೆ. ಪಿ. ರಾಯರು ಕೀಲಿಮಣೆಯಲ್ಲಿ ಯಾವ ಅಕ್ಷರಕ್ಕೆ ಯಾವ ಜಾಗ ಎಂದು ಗೊತ್ತುಮಾಡಿದ ಕ್ರಮದಲ್ಲೇ ಇಂದು ನಾಡಿನ ಬೆರಳುಗಳು ಓಡುತ್ತಿವೆ. ಅದಕ್ಕೆ ಪ್ರತಿಯಾಗಿ, ಯೂನಿಕೋಡ್ ನೆಲೆಗೊಳ್ಳುವ ಮುನ್ನ ಒಂದೊಂದು ತಂತ್ರಾಂಶ ಒಂದೊಂದು ಅಕ್ಷರಸಂಕೇತ ಇಟ್ಟುಕೊಂಡಿದ್ದುದರಿಂದ, ಒಬ್ಬರು ಬರೆದ ಕನ್ನಡ ಇನ್ನೊಬ್ಬರ ಗಣಕದಲ್ಲಿ ಕಸವಾಗಿ ಕಾಣುತ್ತಿತ್ತು.

ಹಾಗೆಂದು ಗೊತ್ತಾದ ಜಾಗದಲ್ಲಿ ಚೀಟಿ ಇಟ್ಟ ಮಾತ್ರಕ್ಕೆ ಬಂದವರು ಅದನ್ನು ಪಾಲಿಸುತ್ತಾರೆಂದಲ್ಲ. ರೋಬೋಟ್ಸ್ ಚೀಟಿ 28 ವರ್ಷ ಬರಿಯ ರೂಢಿಯಾಗಿತ್ತು; 2022ರ ಸೆಪ್ಟೆಂಬರಿನಲ್ಲಿ 9309ನೆಯ ಆರ್‌ಎಫ್‌ಸಿಯಾಗಿ ವಿಧಿಯಾಯಿತು. ಆ ವಿಧಿಯೇ, ಇದು ಬೀಗವಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಓದಿನ ಹಸಿವು ಹತ್ತಿರುವ ಈ ದಿನಗಳಲ್ಲಿ ಚೀಟಿಯನ್ನು ದಾಟಿ ಒಳಹೊಕ್ಕವುಗಳ ದೂರು ಪತ್ರಿಕೆಗಳಿಂದಲೂ ಪ್ರಕಾಶಕರಿಂದಲೂ ಬರುತ್ತಿದೆ. ಕನ್ನಡದ ಕತೆ-ಕವಿತೆಗಳ ತಾಣ ನಡೆಸುವವರು ಬರಬಹುದೆನ್ನಲಿ, ಬಾರದೆನ್ನಲಿ, ನಿರ್ಧಾರ ಅವರದು. ಆದರೆ ಹೊಸ್ತಿಲಲ್ಲಿ ಏನನ್ನೂ ಬರೆಯದಿದ್ದರೆ ಎಲ್ಲಕ್ಕೂ ಒಪ್ಪಿಗೆಯೆಂದೇ ಯಂತ್ರ ತಿಳಿಯುತ್ತದೆ. ಬರೆದಿಟ್ಟಿದ್ದರೆ, ಮೀರಿದವನು ಮೀರಿದನೆಂದು ತೋರಿಸಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ.

ಕೊನೆಯದಾಗಿ, ಆ ಗೂಡಿನಲ್ಲಿ ಇಡಬಹುದಾದ ಒಂದು ಕಡತದ ವಿಷಯ. ಹೆಸರು 'ಸೆಕ್ಯುರಿಟಿ.ಟಿಎಕ್ಸ್‌ಟಿ'; ವಿಧಿಯಾದದ್ದು 2022ರ ಏಪ್ರಿಲಿನಲ್ಲಿ. ನಿಮ್ಮ ತಾಣದ ಗೋಡೆಯಲ್ಲಿ ಬಿರುಕು ಕಂಡ ದಾರಿಹೋಕನು ಯಾರಿಗೆ ತಿಳಿಸಬೇಕೆಂಬುದನ್ನು ಅದು ಹೇಳುತ್ತದೆ. ಅದಿಲ್ಲದೆ ಒಳ್ಳೆಯವನು ಸುಮ್ಮನೆ ಹೋಗುತ್ತಾನೆ. ಕೆಟ್ಟವನಿಗಂತೂ ವಿಳಾಸ ಬೇಕಾಗಿಲ್ಲ. ಕಡ್ಡಾಯವಾದ ಸಾಲುಗಳು ಎರಡೇ. ಒಂದು, ಸಂಪರ್ಕದ ವಿಳಾಸ. ಎರಡು, ಈ ಮಾಹಿತಿ ಎಂದಿಗೆ ಮುಗಿಯುವುದೆಂಬ ದಿನಾಂಕ. ಅದು ಒಂದು ವರ್ಷಕ್ಕಿಂತ ದೂರವಿರದಿದ್ದರೆ ಲೇಸು ಎಂದು ಸಲಹೆ. ಉದ್ಘಾಟನೆಯ ದಿನ ದೀಪ ಬೆಳಗಿ, ಆಮೇಲೆ ತಾಣದ ಕಡೆಗೆ ತಿರುಗಿಯೂ ನೋಡದ ನಮ್ಮ ಸಂಘಸಂಸ್ಥೆಗಳಿಗೆ ಇದು ಕಠಿಣವಾದ ವ್ರತವೇ ಸರಿ. ಇಷ್ಟವಿದ್ದರೆ ಇನ್ನೊಂದು ಸಾಲು ಬರೆಯಬಹುದು: ಯಾವ ಭಾಷೆಯಲ್ಲಿ ತಿಳಿಸಿದರೆ ನಮಗೆ ಸಂತೋಷ ಎಂದು. ಅಲ್ಲಿ ಭಾಷೆಗಳನ್ನೂ ಗೊತ್ತಾದ ಸಂಕೇತದಿಂದಲೇ ಸೂಚಿಸಬೇಕು. ಕನ್ನಡಕ್ಕೆ ಕೆ-ಎನ್, ಕೊಂಕಣಿಗೆ ಕೆ-ಒ-ಕೆ, ತುಳುವಿಗೆ ಟಿ-ಸಿ-ವೈ.