ಮಧುಮೇಹದಲ್ಲಿ ಸಕ್ಕರೆಯ ಇಳಿತ: ಪರೀಕ್ಷೆ ಮತ್ತು ಎಚ್ಚರ

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗುವ ರೋಗವೆಂಬುದು ಇಂದು ಬಹುಮಟ್ಟಿಗೆ ಎಲ್ಲರಿಗೂ ತಿಳಿದ ವಿಷಯ. ಹೆಚ್ಚಿದ ಸಕ್ಕರೆಯು ವರ್ಷಾನುಗಟ್ಟಲೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ನರ ಹಾಗೂ ಹೃದಯಗಳಿಗೆ ಹಾನಿಯುಂಟುಮಾಡುತ್ತದೆ. ಆದರೆ ಅದೇ ರೋಗದ ಚಿಕಿತ್ಸೆಯಲ್ಲಿ ಸಕ್ಕರೆಯು ಇರಬೇಕಾದುದಕ್ಕಿಂತ ಕೆಳಗಿಳಿದು ಕೆಲವೇ ನಿಮಿಷಗಳಲ್ಲಿ ರೋಗಿಯ ಪ್ರಜ್ಞೆ ತಪ್ಪಿಸಬಲ್ಲದು ಎಂಬುದನ್ನು ಅರಿತವರು ಕಡಿಮೆ. ಮಿದುಳು ತನ್ನ ಕೆಲಸಕ್ಕೆ ಕ್ಷಣಕ್ಷಣವೂ ರಕ್ತದ ಗ್ಲುಕೋಸನ್ನೇ ನೆಚ್ಚಿಕೊಂಡಿರುತ್ತದೆ. ಅದನ್ನು ಕೂಡಿಟ್ಟುಕೊಳ್ಳುವ ಏರ್ಪಾಡು ಮಿದುಳಿನಲ್ಲಿ ಇಲ್ಲವೆಂದೇ ಹೇಳಬೇಕು. ಆದಕಾರಣ ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಎಚ್ಚರಿಕೆಯ ಮಟ್ಟವೆಂದೂ, 54ಕ್ಕಿಂತ ಕಡಿಮೆಯಾದರೆ ಗಂಭೀರವೆಂದೂ ವೈದ್ಯರು ಪರಿಗಣಿಸುತ್ತಾರೆ.

ಈ ವಿಷಯದಲ್ಲಿ ಪುಣೆ ನಗರದ ಕಡೆಗೆ ನೋಡುವುದಕ್ಕೆ ಕಾರಣವಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಅವರ ನೇತೃತ್ವದಲ್ಲಿ 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳ ತಾಯಂದಿರ ಅಧ್ಯಯನ ಆರಂಭವಾಯಿತು. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋಗ್ರಾಂ ಮಾತ್ರ. ಆದರೂ ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ ಅವುಗಳ ಮಾಂಸಖಂಡ ಕುಗ್ಗಿದಷ್ಟು ಕೊಬ್ಬು ಕುಗ್ಗಿರಲಿಲ್ಲ. 2004ರಲ್ಲಿ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಅಳೆದು ಪ್ರಕಟಿಸಿದ ಫಲಿತಾಂಶ ಪ್ರಸಿದ್ಧವಾಗಿದೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲೂ 22.3, ಕೊಬ್ಬಿನ ಪ್ರಮಾಣ ಮಾತ್ರ ಯಾಜ್ಞಿಕರಲ್ಲಿ ಶೇಕಡಾ 21.2, ಯುಡ್ಕಿನ್ನರಲ್ಲಿ ಶೇಕಡಾ 9.1. ಸಣಕಲು ಮೈಯವರಿಗೆ ಸಕ್ಕರೆ ಕಾಯಿಲೆ ಬಾರದೆಂಬ ನಂಬಿಕೆಗೆ ನಮ್ಮ ದೇಶದಲ್ಲಿ ಆಧಾರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಗದ್ದೆಯಲ್ಲಿ ದುಡಿಯುವವರು, ಕಟ್ಟಡದ ಕೆಲಸದವರು, ವ್ರತ ಉಪವಾಸಗಳನ್ನು ಬಿಡದೆ ಆಚರಿಸುವವರು ಎಲ್ಲರೂ ಇದ್ದಾರೆ. ಔಷಧಿ ಸೇವಿಸುತ್ತ, ಊಟ ತಪ್ಪಿಸಿ, ಮೈಮುರಿದು ದುಡಿಯುವವರಲ್ಲಿಯೇ ಸಕ್ಕರೆ ಇಳಿಯುವ ಸಂಭವ ಹೆಚ್ಚು.

ಎಲ್ಲ ಔಷಧಿಗಳೂ ಈ ಅಪಾಯವನ್ನು ಸಮನಾಗಿ ತರುವುದಿಲ್ಲ. ಮೆಟ್ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಇದು ಅಪರೂಪ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಒತ್ತಾಯಪೂರ್ವಕವಾಗಿ ಹೊರಡಿಸುತ್ತವೆ. ರೋಗಿ ಉಂಡನೋ ಇಲ್ಲವೋ ಎಂಬುದನ್ನು ಅವು ನೋಡುವುದಿಲ್ಲ. ಇನ್ಸುಲಿನ್ ಚುಚ್ಚುಮದ್ದಿನ ಸಂಗತಿಯೂ ಅಷ್ಟೇ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಇನ್ಸುಲಿನ್ ನೀಡಲಾಯಿತು. ಆ ಕಾಲದಲ್ಲಿ ಮದ್ದಿನ ಬಲವನ್ನು ಅಳೆಯಲು ಉಪವಾಸವಿರಿಸಿದ ಮೊಲಕ್ಕೆ ಅದನ್ನು ಚುಚ್ಚಿ, ರಕ್ತದ ಸಕ್ಕರೆ ಸುಮಾರು 45 ಮಿಲಿಗ್ರಾಂಗೆ ಇಳಿದು ಸೆಳವು ಕಾಣಿಸಿಕೊಳ್ಳುವ ಮಟ್ಟವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿತ್ತು. ಇನ್ಸುಲಿನ್ನಿನ ‘ಯೂನಿಟ್’ ಎಂಬ ಮಾತು ಹುಟ್ಟಿದ್ದೇ ಸಕ್ಕರೆಯ ಇಳಿತದ ಲೆಕ್ಕದಿಂದ.

ಪ್ರತಿವರ್ಷ ಜ್ಯೇಷ್ಠ ಬಹುಳದಲ್ಲಿ ಆಳಂದಿಯಿಂದ ಜ್ಞಾನೇಶ್ವರ ಮಹಾರಾಜರ ಪಾಲಖಿಯೂ ದೇಹುವಿನಿಂದ ತುಕಾರಾಮ ಮಹಾರಾಜರ ಪಾಲಖಿಯೂ ಹೊರಟು ಪುಣೆಯಲ್ಲಿ ತಂಗುತ್ತವೆ. ಆಳಂದಿಯ ಪಾಲಖಿಯ ಕುದುರೆಗಳು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಬರುವ ವಾಡಿಕೆಯಿರುವುದರಿಂದ ಈ ಯಾತ್ರೆ ಕನ್ನಡಿಗರಿಗೂ ತಮ್ಮದೇ. ಪುಣೆ ಬಿಟ್ಟ ದಿನ ಪಾಲಖಿ ದಿವೇ ಘಾಟ್ ಏರಿ ಸಾಸವಡ ಸೇರುತ್ತದೆ. ದಾರಿ ಸುಮಾರು 30 ಕಿಲೋಮೀಟರ್. ಏಕಾದಶಿಯೂ ಸಾಮಾನ್ಯವಾಗಿ ಆ ದಿನದ ಆಸುಪಾಸಿನಲ್ಲೇ ಬರುತ್ತದೆ. 2022 ಮತ್ತು 2023ರಲ್ಲಿ ಘಾಟ್ ಏರಿದ ದಿನವೇ ಏಕಾದಶಿಯಾಗಿತ್ತು. ಅರುವತ್ತು ದಾಟಿದ ವಾರಕರಿಯೊಬ್ಬನು ಬೆಳಗಿನ ಮಾತ್ರೆ ನುಂಗಿ, ಉಪವಾಸವಿದ್ದು, ತಾಳ ಹಿಡಿದು ಘಾಟ್ ಏರಿದನೆಂದು ಭಾವಿಸೋಣ. ನಡೆಯುವ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ಗ್ಲುಕೋಸನ್ನು ಹೀರಿಕೊಳ್ಳುತ್ತವೆ. ಮಾತ್ರೆಯು ಇನ್ಸುಲಿನ್ನನ್ನು ಹೊರಡಿಸುತ್ತಲೇ ಇರುತ್ತದೆ. ಹೊಟ್ಟೆಯಿಂದ ಬರಬೇಕಾದ ಗ್ಲುಕೋಸು ಬರುವುದಿಲ್ಲ. ಯಕೃತ್ತಿನಲ್ಲಿ ಸಂಗ್ರಹವಾಗಿದ್ದುದೂ ಮಧ್ಯಾಹ್ನದ ಹೊತ್ತಿಗೆ ಕರಗುತ್ತ ಬರುತ್ತದೆ. ಆಗ ಅವನಿಗೆ ಕೈ ನಡುಗುವುದು, ತಣ್ಣನೆಯ ಬೆವರು, ಎದೆಬಡಿತ, ಅತಿಯಾದ ಹಸಿವು ಕಾಣಿಸುತ್ತವೆ. ಅನಂತರ ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ದಾರಿ ತಿಳಿಯದಾಗುತ್ತದೆ. ಸುತ್ತಲಿನವರು ಬಿಸಿಲಿನ ಆಯಾಸವೆಂದೋ, ಉಪವಾಸದ ಸುಸ್ತೆಂದೋ, ಕೆಲವೊಮ್ಮೆ ಕುಡಿದಿದ್ದಾನೆಂದೋ ತಪ್ಪು ತಿಳಿಯುವುದುಂಟು. ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ದಣಿದ ಸ್ನಾಯುಗಳು ಇಡೀ ರಾತ್ರಿ ಗ್ಲುಕೋಸನ್ನು ಮರಳಿ ತುಂಬಿಕೊಳ್ಳುತ್ತಿರುವುದರಿಂದ ಸಾಸವಡದ ಬಿಡಾರದಲ್ಲಿ ಮಲಗಿದವನಿಗೆ ನಡುರಾತ್ರಿಯಲ್ಲಿಯೂ ಸಕ್ಕರೆ ಇಳಿಯಬಹುದು. ಕೆಟ್ಟ ಕನಸು, ಒದ್ದೆಯಾದ ಹಾಸಿಗೆ, ಬೆಳಗಿನ ತಲೆನೋವು ಇದರ ಗುರುತುಗಳು.

ಚಿಕಿತ್ಸೆ ಸುಲಭ. ರೋಗಿಗೆ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ 15 ಗ್ರಾಂ ಗ್ಲುಕೋಸ್ ಪುಡಿಯನ್ನಾಗಲಿ, ಮೂರು ಚಹಾ ಚಮಚ ಸಕ್ಕರೆಯನ್ನಾಗಲಿ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಿ, 70ಕ್ಕಿಂತ ಕಡಿಮೆಯಿದ್ದರೆ ಅದನ್ನೇ ಪುನರಾವರ್ತಿಸಬೇಕು. ಸರಿಹೋದ ಮೇಲೆ ಊಟ ಕೊಡಬೇಕು. ಪೇಢೆ, ಬರ್ಫಿ ಕೈಗೆ ಸಿಕ್ಕವೆಂದು ಅವನ್ನು ಕೊಡುವುದು ಸರಿಯಲ್ಲ, ಅವುಗಳಲ್ಲಿರುವ ಜಿಡ್ಡು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಸೇವಿಸುವವರಿಗೆ ಅಡಿಗೆಮನೆಯ ಸಕ್ಕರೆಯೂ ತಡವಾಗಿ ಜೀರ್ಣವಾಗುವುದರಿಂದ ಗ್ಲುಕೋಸ್ ಪುಡಿಯನ್ನೇ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಹೋಗಬಹುದು. ಅವರನ್ನು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಬೇಕು.

ಇಳಿತವನ್ನು ಖಚಿತವಾಗಿ ತಿಳಿಯಲು ಪರೀಕ್ಷೆ ಬೇಕು. ಬಹುಕಾಲ ರೋಗಿಗಳಿಗೆ ಇದ್ದ ಆಸರೆಯೆಂದರೆ ಮೂತ್ರ ಪರೀಕ್ಷೆ: ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ ನೀಲಿಯು ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪಾಗುತ್ತಿತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಹಾಗಾಗಿ 120 ಇದ್ದವನ ನಳಿಕೆಯೂ ನೀಲಿ, 40 ಇದ್ದು ಕುಸಿಯುತ್ತಿದ್ದವನ ನಳಿಕೆಯೂ ನೀಲಿ. 1970ರ ಸುಮಾರಿಗೆ ಅಮೆರಿಕದಲ್ಲಿ ಬಂದ ಮೊದಲ ಗ್ಲುಕೋಮೀಟರ್ ವೈದ್ಯರ ಮೇಜಿನ ಮೇಲಿಡುವ ಭಾರವಾದ ಸಾಧನವಾಗಿತ್ತು; ಇಂದು ಅಂಗೈಯಲ್ಲಿ ಹಿಡಿಯುವ ಯಂತ್ರ ಔಷಧಿ ಅಂಗಡಿಯಲ್ಲಿ ದೊರೆಯುತ್ತದೆ. ನಿಜವಾದ ಖರ್ಚು ಯಂತ್ರದ್ದಲ್ಲ, ಪಟ್ಟಿಗಳದ್ದು. ಆದುದರಿಂದ ಅವನ್ನು ಯಾವಾಗ ಬಳಸಬೇಕೆಂಬ ವಿವೇಚನೆ ಮುಖ್ಯ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಟ್ಟು, ಔಷಧಿಯಲ್ಲಿ ಯಾವ ಬದಲಾವಣೆಯನ್ನೂ ಮಾಡದಿದ್ದರೆ ಆ ಪಟ್ಟಿಗಳು ವ್ಯರ್ಥ. ಇನ್ಸುಲಿನ್ ತೆಗೆದುಕೊಳ್ಳುವವರು ವಾಹನ ನಡೆಸುವ ಮುನ್ನ, ದೀರ್ಘ ಶ್ರಮದ ಮೊದಲು ಮತ್ತು ಅನಂತರ, ಮಲಗುವ ಮುನ್ನ ಹಾಗೂ ಮೈ ನಡುಗಿದಾಗಲೆಲ್ಲ ಪರೀಕ್ಷಿಸಬೇಕು. ಯಂತ್ರವಿಲ್ಲದಿದ್ದರೆ ಅದಕ್ಕಾಗಿ ಕಾಯದೆ ಸಕ್ಕರೆ ಕುಡಿಯಬೇಕು.

ಬೆರಳನ್ನು ಸೋಪಿನಿಂದ ತೊಳೆದು ಒರಸಿ, ತುದಿಯ ನಡುವೆ ಅಲ್ಲ, ಪಕ್ಕದಲ್ಲಿ ಚುಚ್ಚಬೇಕು. ಮಾವಿನ ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಪರೀಕ್ಷಿಸಿದರೆ ಹಣ್ಣಿನ ಸಕ್ಕರೆಯನ್ನೂ ಯಂತ್ರ ಎಣಿಸುತ್ತದೆ, ಇಳಿತ ಮರೆಯಾಗುತ್ತದೆ. ಒಳ್ಳೆಯ ಯಂತ್ರದಲ್ಲೂ ಪ್ರಯೋಗಶಾಲೆಯ ಫಲಿತಾಂಶಕ್ಕಿಂತ ಶೇಕಡಾ 15ರವರೆಗೆ ವ್ಯತ್ಯಾಸ ಬರಬಹುದಾದ್ದರಿಂದ 76 ಎಂದು ತೋರಿಸಿ ಮೈ ಬೆವರುತ್ತಿದ್ದರೆ ಮೈಯ ಮಾತನ್ನೇ ನಂಬುವುದು ಲೇಸು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಉಪಯುಕ್ತವಾದರೂ ಅದು ಏರಿಳಿತವನ್ನು ಕಾಣಿಸದು.

ಇನ್ನೊಂದು ಅಪಾಯ ಸಿರಿಂಜಿನದು. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಬಹುಮಟ್ಟಿಗೆ ಮಿಲಿಲೀಟರಿಗೆ 40 ಯೂನಿಟ್ಟಿನದು. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್ಟಿನದು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 50 ಯೂನಿಟ್. ಸೀಸೆಯ ಮೇಲಿನ ಅಂಕಿ ಮತ್ತು ಸಿರಿಂಜಿನ ಅಂಕಿ ಒಂದೇ ಎಂಬುದನ್ನು ಪ್ರತಿಸಲವೂ ನೋಡಬೇಕು.

ಹಾಗೆಂದು ಇಳಿತಕ್ಕೆ ಹೆದರಿ ಔಷಧಿ ಬಿಡುವುದು ಸಲ್ಲದು. ಆದರೆ ವೃದ್ಧರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಸಕ್ಕರೆಯನ್ನು ಅತಿ ಬಿಗಿಯಾಗಿ ಹಿಡಿಯುವ ಹಟವೂ ಒಳ್ಳೆಯದಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಬಿಗಿ ನಿಯಂತ್ರಣದ ಭಾಗವನ್ನು, ಅದರಲ್ಲಿ ಸಾವುಗಳು ಹೆಚ್ಚಾದುದರಿಂದ, 2008ರ ಫೆಬ್ರವರಿಯಲ್ಲಿ ನಿಲ್ಲಿಸಬೇಕಾಯಿತು. ಪದೇ ಪದೇ ಇಳಿತ ಕಂಡವರಲ್ಲಿ ನಡುಕ, ಬೆವರುಗಳೆಂಬ ಮುನ್ಸೂಚನೆಗಳೇ ಮಾಯವಾಗುತ್ತವೆ. ಅಂಥವರ ಚಿಕಿತ್ಸೆಯ ಗುರಿಯನ್ನು ವೈದ್ಯರು ಸಡಿಲಿಸುತ್ತಾರೆ.

ವ್ರತವನ್ನಾಗಲಿ ಯಾತ್ರೆಯನ್ನಾಗಲಿ ಮಾಡಬಯಸುವವರು ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಆ ದಿನಗಳ ಪ್ರಮಾಣವನ್ನು ಬರೆಸಿಕೊಳ್ಳಬೇಕು. ಗ್ಲುಕೋಸ್ ಪೊಟ್ಟಣವೊಂದನ್ನು ಗಂಟಿನಲ್ಲಿ ಅಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಜೊತೆಗಾರರೊಬ್ಬರಿಗೆ ತಮ್ಮ ರೋಗದ ವಿಷಯ ತಿಳಿಸಿರಬೇಕು. ದೀರ್ಘಕಾಲ ಕೆಲಸಮಾಡುವ ಮಾತ್ರೆಯಿಂದ ಸಕ್ಕರೆ ಇಳಿದವರು ಒಮ್ಮೆ ಚೇತರಿಸಿಕೊಂಡ ಮಾತ್ರಕ್ಕೆ ಆಸ್ಪತ್ರೆಯಿಂದ ಹೊರಡಕೂಡದು. ಮಾತ್ರೆಯ ಪ್ರಭಾವ ಉಳಿದಿರುವಾಗ ಕೆಲವು ಗಂಟೆಗಳ ಬಳಿಕ ಸಕ್ಕರೆ ಪುನಃ ಇಳಿಯುವುದರಿಂದ ಅಂಥವರನ್ನು ಒಂದು ದಿನವಾದರೂ ನಿಗಾದಲ್ಲಿ ಇರಿಸಲಾಗುತ್ತದೆ.