ಮನೆಗೆ ಬಂದ ಹುಕ್ಕಾ: ನೀರು ಹೊಗೆಯನ್ನು ತೊಳೆಯುವುದಿಲ್ಲ

(ಆಸ್ಪತ್ರೆಯ ಹೊರರೋಗಿ ವಿಭಾಗದ ಎದುರಿನ ಪಡಸಾಲೆಯಲ್ಲಿ ರೋಗಿಗಳು ಹಾಗೂ ಅವರ ಬಂಧುಗಳ ಮುಂದೆ ವೈದ್ಯರು ಮಾಡಿದ ಭಾಷಣದ ಬರಹರೂಪ)



ಈ ಜಾಗದಲ್ಲಿ ನಾವು ಸಾಮಾನ್ಯವಾಗಿ ಬೀಡಿ, ಗುಟ್ಕಾ, ಕಡ್ಡಿಪುಡಿಯ ಬಗ್ಗೆ ಮಾತಾಡುತ್ತೇವೆ. ಇವತ್ತು ಹುಕ್ಕಾ ಎಂದ ಕೂಡಲೇ ಹಿಂದೆ ಕೂತ ಕೆಲವರು ನಕ್ಕಿರಿ. 'ಅದು ನವಾಬರ ಮನೀದು, ಸಿನಿಮಾದಾಗಿಂದು, ನಮ್ಮೂರಾಗ ಎಲ್ಲೈತ್ರಿ ಡಾಕ್ಟ್ರ?' ಎಂದು ಒಬ್ಬ ಹಿರಿಯರು ಕೇಳಿದರು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಯಲಬುರ್ಗಾ, ಕುಷ್ಟಗಿ ಕಡೆ ಮಳೆ ಕೈಕೊಟ್ಟ ವರ್ಷ ಹುಡುಗರು ಗುಳೆ ಹೋಗುವುದು ನಿಮಗೆ ಗೊತ್ತು. ಓದಿದವರು ಕೆಲಸಕ್ಕೆಂದು ಬೆಂಗಳೂರು ಸೇರುತ್ತಾರೆ. ಉಗಾದಿಗೋ ಜಾತ್ರೆಗೋ ತಿರುಗಿ ಬರುವಾಗ ಚೀಲದಲ್ಲಿ ತಂಗಿಗೆ ಬಟ್ಟೆ, ತಾಯಿಗೆ ಕುಕ್ಕರ್ ತರುತ್ತಾರೆ. ಕೆಲವರ ಚೀಲದಲ್ಲಿ ಈಗ ಗಾಜಿನ ಹುಕ್ಕಾ ಕೂಡ ಇರುತ್ತದೆ. ಮನೆಯವರು ಅದನ್ನು ಹೂದಾನಿ ಎಂದುಕೊಂಡು ಕಪಾಟಿನಲ್ಲಿಟ್ಟಿದ್ದನ್ನೂ ನಾನು ಕೇಳಿದ್ದೇನೆ.

ಅಂಥ ಒಬ್ಬ ಹುಡುಗನ ಕಥೆಯಿಂದ ಶುರು ಮಾಡುತ್ತೇನೆ. ಹೆಸರು, ಊರು ಹೇಳುವುದಿಲ್ಲ. ಮಳೆಗಾಲದ ರಾತ್ರಿ. ನಾಲ್ವರು ಗೆಳೆಯರು ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದಾರೆ. ಹೊಗೆ ವಾಸನೆ ಅಪ್ಪನಿಗೆ ಹೋಗಬಾರದೆಂದು ಬಾಗಿಲು ಹಾಕಿ, ಕಿಟಕಿಗೆ ಚಾದರ ಕಟ್ಟಿದ್ದಾರೆ. ಮೊಬೈಲಿನಲ್ಲಿ ನೋಡಿಕೊಂಡು ಕೆಂಡ ಮಾಡಿ, ಹೊಸಬರಿಗೆ ಕಲಿಸುತ್ತ ಒಂದು ತಾಸಿಗೂ ಹೆಚ್ಚು ಹೊತ್ತು ಸೇದಿದ್ದಾರೆ. ಒಬ್ಬನಿಗೆ ತಲೆ ಸುತ್ತು ಬಂತು. 'ಮೊದಲ ಸಲ ಹಂಗ ಆಗತೈತಿ, ಸಕ್ಕರಿ ಹಾಕಿ ಚಾ ಕುಡಿ' ಎಂದರು. ಅವನು ಎದ್ದು ನಿಂತವನೇ ಬಿದ್ದ. ಮನೆಯವರು ಓಡಿಬಂದು, ಗಾಳಿ ಸೋಕಿದೆ ಎಂದು ಕೈಯಲ್ಲಿ ಈರುಳ್ಳಿ ಹಿಡಿಸಿದರು. ನಮ್ಮಲ್ಲಿಗೆ ತರುವ ಹೊತ್ತಿಗೆ ಒಂದೂವರೆ ತಾಸು ಕಳೆದಿತ್ತು.

ಆ ಹುಡುಗ ಆಮ್ಲಜನಕ ಕೊಟ್ಟ ಮೇಲೆ ಬೆಳಗಾಗುವುದರೊಳಗೆ ಎದ್ದು ಕೂತ. ನನಗೆ ಆ ರಾತ್ರಿ ಮರೆಯದಿರುವುದು ಬೇರೆ ಕಾರಣಕ್ಕೆ. ಹೋಗುವಾಗ ಅವನ ತಾಯಿ ಸುಮ್ಮನೆ ಒಂದು ಮಾತು ಹೇಳಿದರು: 'ಒಳಕೋಣ್ಯಾಗ ಮಲಗಿದ್ದ ಮಗಳಿಗೂ ನಿನ್ನೆಯಿಂದ ತಲಿ ಬ್ಯಾನಿರಿ.' ಆ ಮಗಳು ಏಳು ತಿಂಗಳ ಗರ್ಭಿಣಿ, ಹೆರಿಗೆಗೆಂದು ತವರಿಗೆ ಬಂದವಳು. ಒಂದು ಬಾರಿಯೂ ಹುಕ್ಕಾ ಮುಟ್ಟಿದವಳಲ್ಲ. ಕೂಡಲೇ ಕರೆಸಿ ನೋಡಿದೆವು. ಹೆರಿಗೆ ನಮ್ಮಲ್ಲಿಯೇ ಆಯಿತು, ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ತಾಯಿ ಆ ಮಾತು ಆಡದೇ ಹೋಗಿದ್ದರೆ ನಾವು ಕೇಳುತ್ತಿರಲಿಲ್ಲ. ಈಗ ಕೇಳುತ್ತೇವೆ.

ಏನಾಗಿತ್ತು ಎಂದು ತಿಳಿಯಬೇಕಾದರೆ ಹುಕ್ಕಾ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. ಕೆಳಗೆ ನೀರಿನ ಪಾತ್ರೆ. ಮೇಲೆ ಚಿಲುಮೆಯಂಥ ಮಣ್ಣಿನ ಬಟ್ಟಲು. ಬಟ್ಟಲಿನಲ್ಲಿ ಕಾಕಂಬಿಯಲ್ಲಿ ಕಲಸಿದ, ಸೇಬು, ದ್ರಾಕ್ಷಿ, ಪುದೀನದ ವಾಸನೆ ಹಾಕಿದ ತಂಬಾಕು. ಅದರ ಮೇಲೆ ತೂತು ಮಾಡಿದ ತಗಡಿನ ಹಾಳೆ, ಹಾಳೆಯ ಮೇಲೆ ಕೆಂಡ. ಕೊಳವೆಯಿಂದ ಎಳೆದರೆ ಕೆಂಡದ ಕಾವು ತಂಬಾಕನ್ನು ಹುರಿಯುತ್ತದೆ, ಹೊಗೆ ನೀರಿನೊಳಗೆ ಗುಡುಗುಡು ಎಂದು ಹಾದು ಬಾಯಿಗೆ ಬರುತ್ತದೆ. ನಮ್ಮ ಹಿರಿಯರು ಇದನ್ನು ಗುಡಗುಡಿ ಎಂದದ್ದು ಈ ಸದ್ದಿನಿಂದಲೇ.

'ನೀರಿನಾಗ ಸೋಸಿ ಬರತೈತಿ, ಹಂಗಾಗಿ ಬೀಡಿಯಂಗ ಕೆಟ್ಟದ್ದಲ್ಲ' ಎನ್ನುವುದು ಎಲ್ಲರ ನಂಬಿಕೆ. ಓದಿದವರೂ ಹೇಳುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದು ಯಾಕೆ ತಪ್ಪೆಂದು ಬೇಗ ತಿಳಿಯುತ್ತದೆ. ನಿಮ್ಮ ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ಹಳದಿಯಾಗುತ್ತವೆ, ಮುದುಕರ ಮೊಣಕಾಲು ಬಗ್ಗುವುದಿಲ್ಲ. ಆ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುತ್ತದೆಯೇ? ಕುದಿಸಿದರೆ ಹೋಗುತ್ತದೆಯೇ? ಇಲ್ಲ. ಕಸ ಹೋಗುತ್ತದೆ, ನೀರು ತಿಳಿಯಾಗಿ ಕಾಣುತ್ತದೆ, ವಿಷ ಹಾಗೆಯೇ ಉಳಿಯುತ್ತದೆ. ಹುಕ್ಕಾದಲ್ಲಿಯೂ ಹಾಗೆಯೇ. ಹೊಗೆ ಗುಳ್ಳೆಗಳಾಗಿ ನೀರನ್ನು ದಾಟುತ್ತದೆ, ಗುಳ್ಳೆಯ ಹೊಟ್ಟೆಯೊಳಗಿನ ಹೊಗೆಗೆ ನೀರು ತಾಗುವುದೇ ಕಡಿಮೆ. ನಿಕೋಟಿನ್ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ. ಉಳಿದದ್ದು ಚಟ ಹಿಡಿಸಲು ಸಾಕು.

ನೀರು ನಿಜವಾಗಿ ಮಾಡುವುದು ಹೊಗೆಯನ್ನು ತಂಪು ಮಾಡುವ ಕೆಲಸ. ಬೀಡಿ ಹೊಗೆ ಗಂಟಲು ಸುಡುತ್ತದೆ, ಹೊಸಬ ಕೆಮ್ಮಿ ಎಸೆಯುತ್ತಾನೆ. ಆ ಕೆಮ್ಮು ದೇಹದ ಕಾವಲುಗಾರ. ತಂಪಾದ, ಸಿಹಿ ವಾಸನೆಯ ಹೊಗೆಗೆ ಕಾವಲುಗಾರ ಏಳುವುದೇ ಇಲ್ಲ. ಹೊಸಬನೂ ಎದೆ ತುಂಬ ಎಳೆಯುತ್ತಾನೆ. ಒಂದು ಸಿಗರೇಟು 5-7 ನಿಮಿಷದಲ್ಲಿ, 8ರಿಂದ 12 ದಮ್ಮಿನಲ್ಲಿ ಮುಗಿಯುತ್ತದೆ. ಹುಕ್ಕಾ ಬೈಠಕ್ಕು 20ರಿಂದ 80 ನಿಮಿಷ, 50ರಿಂದ 200 ದಮ್ಮು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲಿ ಈ ಲೆಕ್ಕ ಕೊಟ್ಟು, ಒಂದು ಬೈಠಕ್ಕಿನಲ್ಲಿ 100 ಅಥವಾ ಅದಕ್ಕೂ ಹೆಚ್ಚು ಸಿಗರೇಟಿನಷ್ಟು ಹೊಗೆ ಎದೆಗೆ ಹೋಗಬಹುದು ಎಂದರು. ಇದು ಹೊಗೆಯ ಅಳತೆ. ಪ್ರತಿಯೊಂದು ವಿಷವೂ ನೂರು ಪಟ್ಟು ಎಂದು ತಿಳಿಯಬೇಡಿ, ಉತ್ಪ್ರೇಕ್ಷೆ ಮಾಡಿ ಹೆದರಿಸುವುದು ನನಗೆ ಬೇಕಿಲ್ಲ. ಇದ್ದದ್ದೇ ಸಾಕಷ್ಟಿದೆ.

ಇನ್ನು ಕೆಂಡ. ಅರೆಬರೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಕರಗುವುದೂ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ರಕ್ತದ ಕೆಂಪು ಕಣ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಇದು ಟವೆಲ್ ಹಾಕಿ ಕೂತರೆ ಆಮ್ಲಜನಕ ನಿಂತೇ ಇರಬೇಕು. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸು, ವಾಂತಿ, ಕಣ್ಣು ಕತ್ತಲೆ, ಕೊನೆಗೆ ಪ್ರಜ್ಞೆ ತಪ್ಪುವುದು. ಹೊಟ್ಟೆಯೊಳಗಿನ ಕೂಸಿನ ರಕ್ತ ತಾಯಿಯ ರಕ್ತಕ್ಕಿಂತ ಹೆಚ್ಚು ಹೊತ್ತು ಇದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಗರ್ಭಿಣಿಯನ್ನು ನಾವು ಓಡಿ ಕರೆಸಿದ್ದು ಇದಕ್ಕೆ. 'ಇದರಾಗ ತಂಬಾಕಿಲ್ಲ, ಬರೇ ಗಿಡಮೂಲಿಕಿ' ಎಂದು ಮಾರುವ ಹುಕ್ಕಾಕ್ಕೂ ಕೆಂಡ ಇದೇ ಕೆಂಡ.

ಹೊಸಬರಿಗೆ ಬಲ್ಲವರು ಕೊಡುವ ಸಲಹೆಗಳನ್ನು ನಾನು ಒಮ್ಮೆ ಕೂತು ಕೇಳಿದೆ. ಖಾಲಿ ಹೊಟ್ಟೆಯಲ್ಲಿ ಸೇದಬೇಡ. ಕಿಟಕಿ ತೆರೆದಿಡು. ತಲೆ ಸುತ್ತಿದರೆ ನಿಲ್ಲಿಸಿ ಸಿಹಿ ತಿನ್ನು. ಕೂತಲ್ಲಿಂದ ಫಕ್ಕನೆ ಏಳಬೇಡ. ಇದು ಒಂದು ವಿಷದ ಡಬ್ಬಿಯ ಮೇಲೆ ಬರೆಯುವ ಎಚ್ಚರಿಕೆಯಲ್ಲವೇ? ನಿಮ್ಮ ಮಗನೋ ಮೊಮ್ಮಗನೋ 'ತಲೆ ಹಗುರಾಗತೈತಿ, ಮಜಾ ಬರತೈತಿ' ಎಂದರೆ, ಆ ಮಜಾದೊಳಗೆ ನಿಕೋಟಿನ್ ಒಂದು ಪಾಲು, ಆಮ್ಲಜನಕದ ಕೊರತೆ ಒಂದು ಪಾಲು ಇರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೊರೊನಾ ಕಾಲದಲ್ಲಿ ಬೆರಳಿಗೆ ಹಾಕುವ ಪುಟ್ಟ ಯಂತ್ರವನ್ನು ಬಹಳ ಮನೆಗಳಲ್ಲಿ ಕೊಂಡಿದ್ದೀರಿ. ಕೆಂಡದ ಅನಿಲ ಹಿಡಿದವನ ಬೆರಳಿಗೆ ಹಾಕಿದರೆ ಅದು 98 ಎಂದೇ ತೋರಿಸಬಹುದು. ಆ ಯಂತ್ರಕ್ಕೆ ಸೀಟಿನಲ್ಲಿ ಕೂತವರು ಯಾರು ಎಂದು ಗೊತ್ತಾಗುವುದಿಲ್ಲ, ಸೀಟು ತುಂಬಿದೆ ಎಂದಷ್ಟೇ ಗೊತ್ತಾಗುತ್ತದೆ. ಅಂಕಿ ನೋಡಿ ಮಲಗಿಸಬೇಡಿ. ಮೊದಲು ಬಾಗಿಲು ಕಿಟಕಿ ತೆರೆದು ಬಿದ್ದವನನ್ನು ಹೊರಗಿನ ಗಾಳಿಗೆ ತನ್ನಿ, ಕೆಂಡವನ್ನು ಹೊರಗೆ ಒಯ್ದು ನೀರು ಹಾಕಿ. 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ಚಹಾ, ಮಜ್ಜಿಗೆ ಹಾಕಬೇಡಿ. ಆಸ್ಪತ್ರೆಯಲ್ಲಿ ನಾಚದೆ 'ಹುಕ್ಕಾ ಸೇದಿದ್ದ, ಕೋಣೆ ಮುಚ್ಚಿತ್ತು' ಎಂದು ಹೇಳಿಬಿಡಿ. ಬರೇ ಗಾಳಿಯಲ್ಲಿದ್ದರೆ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಪೂರ್ಣ ಆಮ್ಲಜನಕ ಕೊಟ್ಟರೆ ಹೆಚ್ಚುಕಡಿಮೆ ಒಂದೂವರೆ ತಾಸು ಸಾಕು. ಅದೇ ಕೋಣೆಯಲ್ಲಿ, ಪಕ್ಕದ ಕೋಣೆಯಲ್ಲಿ ಇದ್ದವರನ್ನೂ ಕರೆತನ್ನಿ.

ಇಂಥ ಸಭೆಗಳಲ್ಲಿ ಯಾರಾದರೂ ಒಬ್ಬರು ಶಿಶುನಾಳ ಶರೀಫರ ಹಾಡು ತೆಗೆಯುತ್ತಾರೆ. ಅಜ್ಜನೇ ಗುಡಗುಡಿ ಸೇದಿ ನೋಡು ಅಂದಾನಲ್ಲ, ರೋಗ ಹೋಗತೈತಿ ಅಂದಾನಲ್ಲ ಎಂದು. ಹಾಡು ನನಗೂ ಬಹಳ ಇಷ್ಟ. ಶರೀಫಜ್ಜ ಕಳೆಯಲು ಹೇಳಿದ ರೋಗ ಮನಸ್ಸಿನದು, ಅವರ ಗುಡಗುಡಿ ಈ ದೇಹವೇ. ನಮ್ಮ ಔಷಧ ಅಂಗಡಿಯ ಚೀಟಿಯನ್ನು ಆ ಹಾಡಿಗೆ ಹಚ್ಚಬೇಡಿ.

ಹಾಗೆ ನೋಡಿದರೆ ತಂಬಾಕಿನ ಹಳೆಯ ಕಥೆಯಲ್ಲಿ ನಮ್ಮ ಸೀಮೆಯೂ ಇದೆ. ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರದ ಆದಿಲಶಾಹಿ ದರಬಾರಿಗೆ ಬಂದವನು, ಸುಮಾರು 1604ರ ಹೊತ್ತಿಗೆ ತಿರುಗಿ ಹೋಗುವಾಗ ಅಲ್ಲಿ ಕಂಡ ತಂಬಾಕನ್ನು ರತ್ನ ಕೂಡಿಸಿದ ಕೊಳವೆಯೊಂದಿಗೆ ಆಗ್ರಾಕ್ಕೆ ಒಯ್ದ. ಅಕ್ಬರ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯ, ಪರೀಕ್ಷೆ ಮಾಡದ ವಸ್ತು ಬೇಡವೆಂದ. ಬಾದಶಹ ಮತ್ತೆ ಮುಟ್ಟಲಿಲ್ಲ, ಸರದಾರರು ಬಿಡಲಿಲ್ಲ. ಮಗ ಜಹಾಂಗೀರ 1617ರಲ್ಲಿ ತಂಬಾಕು ಸೇದುವುದನ್ನು ನಿಷೇಧಿಸಿದ, ಅದೂ ನಡೆಯಲಿಲ್ಲ. ಹೊಗೆಯನ್ನು ನೀರಿನಲ್ಲಿ ಹಾಯಿಸಿದರೆ ಶುದ್ಧವಾಗುತ್ತದೆ ಎಂದು ಹಕೀಮ ಅಬುಲ್ ಫತೇಹ್ ಗಿಲಾನಿ ಉಪಾಯ ಕಂಡುಹಿಡಿದನೆಂದು ಹೇಳುತ್ತಾರೆ. ಆತ 1589ರಲ್ಲಿಯೇ ತೀರಿಕೊಂಡಿದ್ದ, ಅಂದರೆ ಆಗ್ರಾದ ದರಬಾರಿಗೆ ತಂಬಾಕು ಬರುವ ಹದಿನೈದು ವರ್ಷ ಮೊದಲೇ. ಕಥೆ ಹುಸಿಯಾದರೂ ನಂಬಿಕೆ ಮಾತ್ರ ನಾಲ್ಕು ನೂರು ವರ್ಷದಿಂದ ಗಟ್ಟಿಯಾಗಿ ಕೂತಿದೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕರ್ನಾಟಕ ಸರ್ಕಾರ ಫೆಬ್ರುವರಿ 2024ರಲ್ಲಿ ಹುಕ್ಕಾ ಪದಾರ್ಥಗಳ ಮಾರಾಟ, ಸಂಗ್ರಹ, ಸೇವನೆ, ಜಾಹೀರಾತನ್ನು ನಿಷೇಧಿಸಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ ಕಾಯ್ದೆಯಲ್ಲಿ ಹುಕ್ಕಾ ಬಾರ್ ನಡೆಸುವವರಿಗೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡವಿದೆ. 21 ವರ್ಷದೊಳಗಿನವರಿಗೆ ಯಾವ ತಂಬಾಕನ್ನೂ ಮಾರುವಂತಿಲ್ಲ. ನನ್ನ ಚಿಂತೆ ಪೊಲೀಸರು ಬಾರದ ಆ ಮುಚ್ಚಿದ ಕೋಣೆಯದು.

ಒಂದೇ ಕೊಳವೆ ನಾಲ್ಕು ಬಾಯಿಗೆ ಹೋಗುತ್ತದೆ, ಅದನ್ನೂ ಮರೆಯಬೇಡಿ. ಗುಂಪಿನಲ್ಲಿ ಒಬ್ಬನಿಗೆ ಕ್ಷಯವಿದ್ದರೆ, ಮುಚ್ಚಿದ ಕೋಣೆಯಲ್ಲಿ ಅವನ ಕೆಮ್ಮನ್ನು ಎಲ್ಲರೂ ಉಸಿರಾಡುತ್ತಾರೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧ ಎರಡೂ ಉಚಿತ.

ಮನೆಯ ಹಿರಿಯರಿಗೆ ನನ್ನ ಬಿನ್ನಹ: ಹುಕ್ಕಾ ಸಿಕ್ಕಿತೆಂದು ಅಂಗಳದಲ್ಲಿ ಒಡೆದು ಹುಡುಗನನ್ನು ಹತ್ತು ಜನರ ಮುಂದೆ ಬೈಯಬೇಡಿ. ಅವನು ಮುಂದಿನ ಸಲ ಇನ್ನೂ ಬಿಗಿಯಾಗಿ ಬಾಗಿಲು ಹಾಕುತ್ತಾನೆ. ಅದರಲ್ಲೂ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು ಬೈದರೆ ಅವನೇಕೆ ಕೇಳಿಯಾನು? ಈಗ ತಾನೇ ವಾರ್ಡಿನ ಹಿಂದಿನ ಗೋಡೆಗೆ ಹೋಗಿ ಬಂದವರು ಇಲ್ಲಿ ಮೂವರಿದ್ದೀರಿ, ವಾಸನೆ ಬರುತ್ತಿದೆ. ನೀವು ಅವನ ಜೊತೆಗೇ ಬಿಟ್ಟರೆ ಇಬ್ಬರಿಗೂ ಹಗುರ.

ಬಿಟ್ಟ ಮೊದಲ ಎರಡು ಮೂರು ದಿನ ಬಹಳ ಕಷ್ಟ. ಸಿಟ್ಟು, ನಿದ್ದೆಗೇಡು, ಚಡಪಡಿಕೆ. ಮೂರ್ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಮನೆಯವರು ಅವನ ಸಿಟ್ಟನ್ನು ಕಾಯಿಲೆಯ ಲಕ್ಷಣವೆಂದು ತಿಳಿದು ಸುಮ್ಮನಿರಿ. ಸಂಜೆ ಗೆಳೆಯರು ಕರೆಯುವ ಹೊತ್ತಿಗೆ ಹೊಲಕ್ಕೋ ಸಂತೆಗೋ ಕೆಲಸ ಹಚ್ಚಿ ಕಳಿಸಿ. ಸರ್ಕಾರದ ಉಚಿತ ತಂಬಾಕು ಸಹಾಯವಾಣಿ 1800-11-2356 ಇದೆ, ಕನ್ನಡದಲ್ಲಿ ಮಾತಾಡಬಹುದು. ನಿಕೋಟಿನ್ ಚೂಯಿಂಗ್ ಗಮ್ ಬೇಕಾದವರು ಮೊದಲು ನಮ್ಮನ್ನು ಕೇಳಿ. ಅದನ್ನು ಬಬಲ್‌ಗಮ್‌ನಂತೆ ಒಂದೇ ಸಮನೆ ಅಗಿದರೆ ಹೊಟ್ಟೆ ತೊಳಸುತ್ತದೆ. ಖಾರ ಹತ್ತುವವರೆಗೆ ಅಗಿದು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು.

ಶಸ್ತ್ರಚಿಕಿತ್ಸೆಗೆಂದು ದಾಖಲಾದವರು, ಗರ್ಭಿಣಿಯರ ಜೊತೆ ಬಂದವರು ಇವತ್ತು ಚೀಟಿ ಮಾಡಿಸುವಾಗಲೇ ದಾದಿಯರಿಗೆ ಹೇಳಿ: ಬೀಡಿಯೋ, ಹುಕ್ಕಾವೋ, ಯಾರು ಸೇದುತ್ತಾರೆ, ಮನೆಯ ಯಾವ ಕೋಣೆಯಲ್ಲಿ ಸೇದುತ್ತಾರೆ ಎಂದು. ಎಲ್ಲರ ಮುಂದೆ ಹೇಳಲು ನಾಚಿಕೆಯಾದರೆ ಒಳಗೆ ಬಂದು ನನ್ನ ಹತ್ತಿರ ಹೇಳಿ, ಬಾಗಿಲು ತೆರೆದೇ ಇರುತ್ತದೆ.